ನೂರ ಹದಿಮೂರು ಹೆಸರಿನ ಒಂದು ಹುಳು



ಒಂದೇ ಊರಿಗೆ ಎರಡು ಹೆಸರು ಇರುವುದು ಗಡಿನಾಡಿನವರಾದ ನಮಗೆ ಹೊಸ ಸಂಗತಿಯಲ್ಲ. ನಾವು ಮಂಜೇಶ್ವರ ಎಂದರೆ ಬಸ್ಸಿನ ಬೋರ್ಡು ಮಂಜೇಶ್ವರಂ ಎನ್ನುತ್ತದೆ. ನಾವು ಕುಂಬಳೆಗೆ ಟಿಕೇಟು ಕೇಳುತ್ತೇವೆ, ಕಂಡಕ್ಟರು ಕುಂಬಳದ ಟಿಕೇಟು ಹರಿದು ಕೊಡುತ್ತಾನೆ. ಇಳಿಯುವ ಊರು ಮಾತ್ರ ಅದೇ. ಆದರೆ ಒಂದೇ ಜೀವಿಗೆ 113 ಹೆಸರುಗಳಿವೆ ಎಂದರೆ ನೀವು ನಂಬುತ್ತೀರಾ? ಅವು ಜನರು ಬಾಯಿಮಾತಿನಲ್ಲಿ ಕರೆಯುವ ಹೆಸರುಗಳೂ ಅಲ್ಲ. ಓದಿದ ಪಂಡಿತರು ಲ್ಯಾಟಿನ್ ಭಾಷೆಯಲ್ಲಿ ಇಟ್ಟು, ಗ್ರಂಥಗಳಲ್ಲಿ ಅಚ್ಚು ಹಾಕಿಸಿದ ಹೆಸರುಗಳು.

ಆ ಜೀವಿ ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನ ದಡದಲ್ಲಿ ಬದುಕುವ ಒಂದು ಸಣ್ಣ ಬಸವನಹುಳು. ಇವತ್ತು ಅದರ ನಾಮಕರಣದ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ನಾನು ವಿಜ್ಞಾನ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲೆಡ್ಜರಿನ ಮುಂದೆ ಕುಳಿತು ಕಲಿತವನು. ಅದಕ್ಕಾಗಿಯೇ ಈ ಹುಳುವಿನ ಕಥೆ ನನ್ನ ಮನಸ್ಸಿಗೆ ಹಿಡಿಸಿತು.

ಮೊದಲು ಹುಳುವಿನ ಪರಿಚಯ ಮಾಡಿಕೊಳ್ಳೋಣ. ಮಳೆಗಾಲದಲ್ಲಿ ನಮ್ಮ ಅಂಗಳದ ಬೇಲಿಯಲ್ಲಿ, ಬಾಳೆಯ ಬುಡದಲ್ಲಿ ತೆವಳುವ ಬಸವನಹುಳುವನ್ನು ಎಲ್ಲರೂ ನೋಡಿದ್ದೇವೆ. ಕಡಲಿನಲ್ಲಿಯೂ ಈ ವಂಶದವು ಸಾವಿರಾರು ಬಗೆಯಲ್ಲಿವೆ. ದೇವರ ಕೋಣೆಯ ಶಂಖವೂ ಅಂಥ ಒಂದು ಕಡಲ ಬಸವನಹುಳುವಿನ ಚಿಪ್ಪೇ. ನಾನು ಹೇಳುತ್ತಿರುವ ಹುಳು ಶಂಖದಷ್ಟು ದೊಡ್ಡದಲ್ಲ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸಿನದು. ಕೆಲವು ಕಡೆ ಪೂರ್ತಿ ಬೆಳೆದ ಹುಳುವೂ ಕೊತ್ತಂಬರಿ ಕಾಳಿನಷ್ಟೇ ಇರುತ್ತದೆ. ಇಂಗ್ಲಿಷಿನಲ್ಲಿ ಈ ಬಳಗದ ಹುಳುಗಳಿಗೆ ಪೆರಿವಿಂಕಲ್ ಎನ್ನುತ್ತಾರೆ. ಇದರ ಚಿಪ್ಪು ಮುಟ್ಟಿದರೆ ಒರಟಾಗಿರುವುದರಿಂದ ಇದಕ್ಕೆ ರಫ್ ಪೆರಿವಿಂಕಲ್ ಎಂದು ಹೆಸರು. ನಾವು ಒರಟು ಪೆರಿವಿಂಕಲ್ ಎನ್ನೋಣ.

ಉತ್ತರ ಧ್ರುವದ ಬಳಿಯ ಹಿಮ ಕಟ್ಟುವ ತೀರಗಳಿಂದ ಹಿಡಿದು ನಾರ್ವೆ, ಸ್ವೀಡನ್, ಬ್ರಿಟನ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ವರೆಗೆ ಇದರ ವಾಸ. ಸಾಗರದ ಆಚೆ ದಡದಲ್ಲಿ ಗ್ರೀನ್‌ಲ್ಯಾಂಡ್, ಕೆನಡಾ, ಅಮೆರಿಕದ ಪೂರ್ವ ತೀರದಲ್ಲಿಯೂ ಇದೆ. ಉಬ್ಬರದಲ್ಲಿ ನೀರು ಬಂದು ಇಳಿತದಲ್ಲಿ ಒಣಗುವ ಬಂಡೆಗಳೇ ಇದರ ಮನೆ. ಈ ಬಳಗದ ಬೇರೆ ಹುಳುಗಳು ಕೆಳಗಿನ ಪಾಚಿಯಲ್ಲೋ ನಡುಬಂಡೆಯಲ್ಲೋ ಇದ್ದರೆ, ಇದು ಮೇಲಿನ ಅಂಚಿನಲ್ಲಿ, ಅಲೆಯ ತುಂತುರು ಮಾತ್ರ ಬೀಳುವ ಜಾಗದಲ್ಲಿಯೂ ಇರಬಲ್ಲದು. ನಾಲಗೆಯ ಮೇಲೆ ಅರದಂತೆ ಸಾಲು ಸಾಲು ಹಲ್ಲುಗಳಿವೆ. ಅವುಗಳಿಂದ ಬಂಡೆಯ ಮೇಲಿನ ಪಾಚಿಯ ತೆಳು ಪದರವನ್ನು ಕೆರೆದು ತಿನ್ನುತ್ತದೆ. ಬಿಸಿಲು ಹೆಚ್ಚಾದರೆ, ಒಣಗಿದರೆ, ಬಾಗಿಲಿನಂಥ ಒಂದು ಮುಚ್ಚಳವನ್ನು ಹಾಕಿಕೊಂಡು ಚಿಪ್ಪಿನೊಳಗೆ ಕೂತುಬಿಡುತ್ತದೆ.

ಇದರ ಒಂದು ಗುಣವನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಇದರ ಹತ್ತಿರದ ನೆಂಟ, ಲಂಡನ್ನಿನ ಬೀದಿಗಳಲ್ಲಿ ಜನರು ಬೇಯಿಸಿ ಸೂಜಿಯಿಂದ ಕಿತ್ತು ತಿನ್ನುತ್ತಿದ್ದ ಸಾಮಾನ್ಯ ಪೆರಿವಿಂಕಲ್, ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮರಿಗಳು ವಾರಗಟ್ಟಲೆ ಕಡಲಿನಲ್ಲಿ ತೇಲಿ ಎಲ್ಲೋ ದೂರದ ದಡ ಸೇರುತ್ತವೆ. ಒರಟು ಪೆರಿವಿಂಕಲ್ ಹಾಗಲ್ಲ. ಇದು ಮರಿ ಹಾಕುತ್ತದೆ. ತಾಯಿಯ ಚಿಪ್ಪಿನೊಳಗಿನ ಒಂದು ಚೀಲದಲ್ಲಿ ನೂರಾರು ಮರಿಗಳು ಬೆಳೆಯುತ್ತವೆ. ಅರ್ಧ ಮಿಲಿಮೀಟರಿನಷ್ಟು ಉದ್ದದ, ಚಿಪ್ಪು ಸಮೇತವಾದ ಮರಿ ಹೊರಬಂದು ತಾಯಿ ಇದ್ದ ಬಂಡೆಯ ಮೇಲೆಯೇ ತೆವಳತೊಡಗುತ್ತದೆ. ಜೀವಮಾನವಿಡೀ ಅದು ನಡೆಯುವ ದೂರ ಕೆಲವು ಮೀಟರುಗಳಷ್ಟೇ. ಹುಟ್ಟಿದ ಬಂಡೆಯೇ ಅದರ ಊರು.

ಇನ್ನು ಚರಿತ್ರೆಗೆ ಬರೋಣ.

ಸುಮಾರು 270 ವರ್ಷಗಳ ಹಿಂದೆ ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರು ಎಂದರೆ ಒಂದು ಇಡೀ ವಾಕ್ಯವಾಗಿತ್ತು. ಇಂಥ ಬಣ್ಣದ, ಇಷ್ಟು ಸುರುಳಿಯ, ಇಂಥ ಬಾಯಿಯ ಚಿಪ್ಪಿನ ಹುಳು ಎಂದು ಲ್ಯಾಟಿನ್ನಿನಲ್ಲಿ ಉದ್ದಕ್ಕೆ ಬರೆಯುತ್ತಿದ್ದರು. ಇದನ್ನು ಸರಿಪಡಿಸಿದವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. 1758ರಲ್ಲಿ ಪ್ರಕಟವಾದ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರತಿಯೊಂದು ಪ್ರಾಣಿಗೂ ಎರಡೇ ಪದಗಳ ಹೆಸರು ಕೊಟ್ಟ. ಮೊದಲ ಪದ ಕುಲದ್ದು, ನಮ್ಮ ಮನೆತನದ ಹೆಸರಿನ ಹಾಗೆ. ಎರಡನೆಯದು ಆ ಪ್ರಭೇದದ್ದು, ನಮ್ಮ ಸ್ವಂತ ಹೆಸರಿನ ಹಾಗೆ. ಬೇಯಿಸಿ ತಿನ್ನುವ ಸಾಮಾನ್ಯ ಪೆರಿವಿಂಕಲ್‌ಗೆ ಅವನು ಟರ್ಬೋ ಲಿಟ್ಟೋರಿಯಸ್ ಎಂದು ಹೆಸರಿಟ್ಟ. ಟರ್ಬೋ ಎಂದರೆ ಬುಗುರಿ, ಲಿಟ್ಟೋರಿಯಸ್ ಎಂದರೆ ದಡದ್ದು. ದಡದ ಬುಗುರಿ! ಮುಂದೆ 1822ರಲ್ಲಿ ಫ್ರಾನ್ಸಿನ ಫೆರುಸಾಕ್ ಎಂಬವನು ಈ ದಡದ ಹುಳುಗಳಿಗೆಂದೇ ಲಿಟ್ಟೋರಿನಾ ಎಂಬ ಪ್ರತ್ಯೇಕ ಕುಲವನ್ನು ಮಾಡಿದ.

ಒರಟು ಪೆರಿವಿಂಕಲ್‌ಗೆ ಇಂದು ಸಲ್ಲುವ ಹೆಸರು ಬಂದದ್ದು ಅದರ ದೊಡ್ಡ ನೆಲೆಯಾದ ಅಟ್ಲಾಂಟಿಕ್ ತೀರದಿಂದ ಅಲ್ಲ. ಇಟಲಿಯ ವೆನಿಸ್ ನಗರದ ಹಿನ್ನೀರಿನಲ್ಲಿ, ಬಳಗದಿಂದ ದೂರವಾಗಿ, ಈ ಹುಳುವಿನ ಒಂದು ಒಂಟಿ ನೆಲೆಯಿದೆ. ಆ ಹಿನ್ನೀರಿನ ದಕ್ಷಿಣ ತುದಿಯ ಕ್ಯೋಜಾ ಎಂಬ ಪಟ್ಟಣದಲ್ಲಿ 1769ರಲ್ಲಿ ಜುಸೆಪ್ಪೆ ಒಲಿವಿ ಎಂಬ ವಿದ್ವಾಂಸ ಹುಟ್ಟಿದ. ತನ್ನೂರಿನ ಕಡಲಿನ ಜೀವಿಗಳನ್ನೆಲ್ಲ ನೋಡಿ, 1792ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ‘ಜೂಲೋಜಿಯಾ ಆಡ್ರಿಯಾಟಿಕಾ’ ಎಂಬ ಗ್ರಂಥವನ್ನು ಹೊರತಂದ. ಅದರಲ್ಲಿ ಈ ಹುಳುವಿಗೆ ಟರ್ಬೋ ಸ್ಯಾಕ್ಸಟಿಲಿಸ್ ಎಂದು ಹೆಸರಿಟ್ಟ. ಸ್ಯಾಕ್ಸಟಿಲಿಸ್ ಎಂದರೆ ಬಂಡೆಗಳ ನಡುವೆ ಬಾಳುವುದು. ಮೂರು ವರ್ಷ ಕಳೆದು 1795ರಲ್ಲಿ ಒಲಿವಿ ತೀರಿಕೊಂಡ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಚಿಪ್ಪು ಸಂಗ್ರಹಿಸುವ ಹುಚ್ಚು ಹಬ್ಬಿತ್ತು. ವೈದ್ಯರು, ಪಾದ್ರಿಗಳು, ವಕೀಲರು, ಸೈನ್ಯದ ಅಧಿಕಾರಿಗಳು, ಎಲ್ಲರ ಮನೆಯಲ್ಲೂ ಚಿಪ್ಪಿನ ಕಪಾಟು. ವಿಲಿಯಂ ಜಾರ್ಜ್ ಮೇಟನ್ ಎಂಬ ವೈದ್ಯ 1797ರಲ್ಲಿ ಇದೇ ಹುಳುವಿಗೆ ಟರ್ಬೋ ರೂಡಿಸ್, ಅಂದರೆ ಒರಟು ಬುಗುರಿ, ಎಂದು ಹೆಸರಿಟ್ಟ. 1803ರಲ್ಲಿ ಜಾರ್ಜ್ ಮಾಂಟಗು ತನ್ನ ‘ಟೆಸ್ಟೇಷಿಯಾ ಬ್ರಿಟಾನಿಕಾ’ ಗ್ರಂಥದಲ್ಲಿ ಇನ್ನೆರಡು ಹೆಸರು ಸೇರಿಸಿದ. ನಿಂತ ನೀರಿನಲ್ಲಿ ಸಿಗುವ ಕಪ್ಪು ಬಣ್ಣದ್ದಕ್ಕೆ ಟೆನೆಬ್ರೋಸಸ್, ಅಂದರೆ ಕತ್ತಲೆಯದು. ಚಿಪ್ಪಿನ ಮೇಲೆ ಏಣು ಏಣಾಗಿ ಗೆರೆ ಇರುವುದಕ್ಕೆ ಜುಗೋಸಸ್. ಈ ಮಾಂಟಗು ಸೈನ್ಯದಲ್ಲಿದ್ದವನು. ಮನೆ ರಿಪೇರಿಯ ಸಮಯದಲ್ಲಿ ತುಕ್ಕು ಹಿಡಿದ ಮೊಳೆ ತುಳಿದು, ಧನುರ್ವಾಯುವಿನಿಂದ 1815ರಲ್ಲಿ ಸತ್ತ. 1830ರಲ್ಲಿ ಜರ್ಮನಿಯ ಮೆಂಕೆ ಎಂಬವನು ಗ್ರೀನ್‌ಲ್ಯಾಂಡಿನ ಚಿಪ್ಪಿಗೆ ಗ್ರೋನ್‌ಲಾಂಡಿಕಸ್ ಎಂದ. 1844ರಲ್ಲಿ ಇಂಗ್ಲೆಂಡಿನ ಸ್ಕಾರ್‌ಬರೋ ಊರಿನ ವಿಲಿಯಂ ಬೀನ್, ಕೊತ್ತಂಬರಿ ಕಾಳಿನಷ್ಟರ ಪುಟ್ಟ ಹುಳುವಿಗೆ ನೆಗ್ಲೆಕ್ಟಾ ಎಂದು ಕರೆದ. ಯಾರೂ ಗಮನಿಸದೆ ಬಿಟ್ಟದ್ದು ಎಂದು ಅದರ ಅರ್ಥ. ಹೀಗೆ ಒಬ್ಬೊಬ್ಬರೂ ಒಂದೊಂದು ಸೇರಿಸುತ್ತ ಹೋದರು.

ಈ ಪಂಡಿತರು ದಡ್ಡರೇನೂ ಅಲ್ಲ. ತಪ್ಪು ಎಲ್ಲಿ ಆಯಿತು ಎಂದು ನೋಡಬೇಕು.

ಮೊದಲನೆಯದಾಗಿ, ಅವರ ಕೈಗೆ ಬಂದದ್ದು ಬರೀ ಚಿಪ್ಪು. ಒಳಗಿನ ಹುಳು ಸತ್ತು, ಒಣಗಿ, ಬರಿದಾದ ಚಿಪ್ಪು ಟಪಾಲಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತಿತ್ತು. ಕಪಾಟಿನಲ್ಲಿ ಇಟ್ಟು ನೋಡಿದರೆ ಬೂದು, ಕಂದು, ಹಳದಿ, ಕಿತ್ತಳೆ ಬಣ್ಣ. ಒಂದಕ್ಕೆ ಪಟ್ಟೆ, ಇನ್ನೊಂದು ನುಣುಪು. ಒಂದು ದಪ್ಪ, ಒಂದು ತೆಳು. ಯಾರಾದರೂ ಬೇರೆ ಬೇರೆ ಎಂದೇ ಹೇಳುತ್ತಾರೆ.

ಎರಡನೆಯದಾಗಿ, ನಾನು ಆಗಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಗುಣ. ಮರಿ ಹುಟ್ಟಿದಲ್ಲೇ ಉಳಿಯುತ್ತದೆ. ಆದ್ದರಿಂದ ಒಂದೊಂದು ಬಂಡೆಯ ಹುಳುಗಳು ಆ ಬಂಡೆಯ ಕಷ್ಟಸುಖಕ್ಕೆ ಹೊಂದಿಕೊಂಡು ತಲೆಮಾರಿನಿಂದ ತಲೆಮಾರಿಗೆ ಬೇರೆ ರೂಪ ಪಡೆಯುತ್ತವೆ. ಏಡಿಗಳು ಹೆಚ್ಚಿರುವ ಕಡೆ ಚಿಪ್ಪು ದೊಡ್ಡದು, ದಪ್ಪ, ಬಾಯಿ ಕಿರಿದು. ಏಡಿಯ ಕೊಂಡಿಗೆ ಸಿಕ್ಕಿದರೂ ಬೇಗ ಒಡೆಯುವುದಿಲ್ಲ. ಅಲೆ ಬಡಿಯುವ ಬಂಡೆಗಳಲ್ಲಿ ಏಡಿಗೆ ನೆಲೆಯಿಲ್ಲ. ಅಲ್ಲಿ ಚಿಪ್ಪು ಸಣ್ಣದು, ತೆಳು, ಬಾಯಿ ಅಗಲ. ಅಗಲ ಬಾಯಿಯಿಂದ ದೊಡ್ಡ ಪಾದವನ್ನು ಹೊರಚಾಚಿ ಬಂಡೆಯನ್ನು ಬಿಗಿಯಾಗಿ ಹಿಡಿಯಬಹುದು. ಸಣ್ಣ ಮೈಯಿದ್ದರೆ ಸೀಳಿನಲ್ಲಿ ಅಡಗಬಹುದು. ಇದೆಲ್ಲ ಒಂದೇ ಪ್ರಭೇದ. ಬದುಕಿನ ಒತ್ತಡ ಬೇರೆಯಾದ್ದರಿಂದ ವೇಷ ಬೇರೆಯಾಗಿದೆ.

ಮೂರನೆಯದಾಗಿ, ಇಟಲಿಯವ ಬರೆದದ್ದು ಇಂಗ್ಲೆಂಡಿನವನಿಗೆ, ಇಂಗ್ಲೆಂಡಿನವ ಬರೆದದ್ದು ಜರ್ಮನಿಯವನಿಗೆ ತಲುಪಲು ವರ್ಷಗಳು ಬೇಕಿದ್ದವು. ತಲುಪಿದರೂ, ಬರಹದಲ್ಲಿ ಓದಿದ ಹುಳುವೂ ಕೈಯಲ್ಲಿರುವ ಹುಳುವೂ ಒಂದೇ ಎಂದು ತಿಳಿಯುವುದು ಹೇಗೆ?

ಈ ಗೊಂದಲಕ್ಕೆ ಒಂದು ಕಟ್ಟಳೆ ಬೇಕಾಯಿತು. 1842ರಲ್ಲಿ ಬ್ರಿಟನ್ನಿನಲ್ಲಿ ಹ್ಯೂ ಸ್ಟ್ರಿಕ್‌ಲ್ಯಾಂಡ್ ಎಂಬವನ ಮುಂದಾಳುತನದಲ್ಲಿ ಒಂದು ಸಮಿತಿ ನಿಯಮಗಳನ್ನು ಬರೆಯಿತು. ಚಾರ್ಲ್ಸ್ ಡಾರ್ವಿನ್ ಕೂಡ ಆ ಸಮಿತಿಯ ಸದಸ್ಯನಾಗಿದ್ದ. ಮುಖ್ಯ ನಿಯಮ ಸರಳವಾದದ್ದು. ಒಂದು ಪ್ರಾಣಿಗೆ ಹಲವು ಹೆಸರುಗಳಿದ್ದರೆ ಮೊದಲು ಕೊಟ್ಟ ಹೆಸರೇ ನಿಲ್ಲತಕ್ಕದ್ದು. 1895ರಲ್ಲಿ ಪ್ರಾಣಿಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಆಯೋಗವೂ ಹುಟ್ಟಿತು. ಮೊದಲು ರಿಜಿಸ್ಟರಿ ಆದ ಪತ್ರಕ್ಕೇ ಬೆಲೆ ಎಂದು ನಾವು ಜಾಗದ ವ್ಯವಹಾರದಲ್ಲಿ ಹೇಳುವುದಿಲ್ಲವೇ, ಹಾಗೆ. ಪ್ರಾಣಿಗಳ ಮಟ್ಟಿಗೆ ರಿಜಿಸ್ಟರಿ ಪುಸ್ತಕ ತೆರೆಯುವುದು ಲಿನೇಯಸ್ಸನ 1758ರ ಗ್ರಂಥದಿಂದ.

ಈ ನಿಯಮದ ಪ್ರಕಾರ 1792ರ ಒಲಿವಿಯ ಹೆಸರೇ ನಿಲ್ಲಬೇಕು. ಆದರೆ ಯಾವುದು ಮೊದಲು ಎಂದು ನಿಯಮ ಹೇಳುತ್ತದೆಯೇ ಹೊರತು, ಯಾವುದೆಲ್ಲ ಒಂದೇ ಎಂದು ಹೇಳುವುದಿಲ್ಲ. ಬ್ರಿಟನ್ನಿನ ಪುಸ್ತಕಗಳಲ್ಲಿ ಮೇಟನ್ನನ ರೂಡಿಸ್ ಎಂಬ ಹೆಸರೇ ಬಹುಕಾಲ ನಡೆಯಿತು. 1862ರಿಂದ 1869ರವರೆಗೆ ಐದು ಸಂಪುಟಗಳಲ್ಲಿ ‘ಬ್ರಿಟಿಷ್ ಕಾಂಕಾಲಜಿ’ ಬರೆದ ಜಾನ್ ಗ್ವಿನ್ ಜೆಫ್ರಿಸ್‌ನೂ ಅದೇ ಹೆಸರನ್ನು ಬಳಸಿದ. ಅವನೇ 1865ರಲ್ಲಿ ಕಂಪ್ರೆಸಾ ಎಂಬ ಇನ್ನೊಂದು ಹೆಸರನ್ನೂ ಪಟ್ಟಿಗೆ ಸೇರಿಸಿದ. ಆ ಹೆಸರಿನ ಸಂಗತಿ ಮುಂದೆ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಹೆಚ್ಚಿನವರು ಎಲ್ಲವನ್ನೂ ಒಟ್ಟು ಸೇರಿಸಿ, ಇದೆಲ್ಲ ಒಂದೇ ಸ್ಯಾಕ್ಸಟಿಲಿಸ್, ಬರೀ ರೂಪಭೇದ ಎಂದರು. ಅಲ್ಲಿಗೆ ಜಗಳ ಮುಗಿಯಿತೆಂದು ನೀವು ತಿಳಿಯಬಹುದು. ಮುಗಿಯಲಿಲ್ಲ. ಏಕೆಂದರೆ ಎಲ್ಲವನ್ನೂ ಒಂದೇ ಎನ್ನುವುದೂ ತಪ್ಪಾಗಿತ್ತು.

1975ರಲ್ಲಿ ಜೋಸೆಫ್ ಹೆಲ್ಲರ್ ಎಂಬ ಸಂಶೋಧಕ ಬ್ರಿಟನ್ನಿನ ಹುಳುಗಳನ್ನು ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಚಿಪ್ಪಿನ ಜೊತೆಗೆ ಅವು ಸಂತಾನ ಬೆಳೆಸುವ ಕ್ರಮವನ್ನೂ ನೋಡಿದರು. ನೋಡಿದರೆ, ಒಂದೇ ಎಂದು ತಿಳಿದಿದ್ದ ರಾಶಿಯಲ್ಲಿ ಕೆಲವು ಮರಿ ಹಾಕುವ ಹುಳುಗಳೇ ಅಲ್ಲ, ಮೊಟ್ಟೆ ಇಡುವವು! ಅವರು ಆ ರಾಶಿಯನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. 1978ರಲ್ಲಿ ಸೀಲಿಯಾ ಹ್ಯಾನಫರ್ಡ್ ಎಲ್ಲಿಸ್ ಎಂಬವರು ಇನ್ನೂ ಒಂದನ್ನು ಹೊರತೆಗೆದರು. ಹೊರಗಿನಿಂದ ನೋಡಿದರೆ ಅದು ಅಚ್ಚು ಒರಟು ಪೆರಿವಿಂಕಲ್ಲೇ. ಪಕ್ಕಪಕ್ಕದಲ್ಲಿ ಅದೇ ಬಂಡೆಯ ಮೇಲೆ ಇರುತ್ತದೆ. ಆದರೆ ಹೆಣ್ಣು ಮರಿ ಹಾಕುವುದಿಲ್ಲ. ತೇವದ ಬಂಡೆಯ ಮೇಲೆ ಲೋಳೆಯಂಥ ಮುದ್ದೆಯಲ್ಲಿ ಮೊಟ್ಟೆಗಳನ್ನಿಡುತ್ತದೆ. ಇಷ್ಟು ಕಾಲ ಎಲ್ಲರ ಕಣ್ಣೆದುರಿಗೇ ಗುಟ್ಟಾಗಿದ್ದುದರಿಂದ ಅದಕ್ಕೆ ಅರ್ಕಾನಾ, ಅಂದರೆ ಗುಟ್ಟಿನದು, ಎಂದು ಹೆಸರಿಟ್ಟರು. ಎಷ್ಟು ಸರಿಯಾದ ಹೆಸರು ನೋಡಿ.

ಆಮೇಲೆ ಬಂದದ್ದು ಮೈಯೊಳಗಿನ ಸಾಕ್ಷಿ. ಹುಳುವಿನ ದೇಹದ ಪ್ರೋಟೀನುಗಳನ್ನು ವಿದ್ಯುತ್ತಿನ ಸಹಾಯದಿಂದ ಬೇರೆ ಮಾಡಿ ಹೋಲಿಸುವ ವಿಧಾನ ಬಳಕೆಗೆ ಬಂತು. ಅನಂತರ ವಂಶವಾಹಿಗಳನ್ನೇ ಓದುವ ಕಾಲ ಬಂತು. ಸ್ವೀಡನ್ನಿನ ಪಶ್ಚಿಮ ತೀರದ ಶಾರ್ನೋ ಎಂಬಲ್ಲಿ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಕಡಲ ಸಂಶೋಧನಾಲಯವಿದೆ. ಅಲ್ಲಿನ ಕೆರ್ಸ್ಟಿನ್ ಯೊಹಾನೆಸ್ಸನ್ ಈ ಒಂದು ಹುಳುವಿನ ಹಿಂದೆ ದಶಕಗಳನ್ನು ಕಳೆದವರು. ಬೀನ್ 1844ರಲ್ಲಿ ಹೆಸರಿಟ್ಟಿದ್ದ ಪುಟ್ಟ ನೆಗ್ಲೆಕ್ಟಾ ಸ್ಯಾಕ್ಸಟಿಲಿಸ್‌ನದೇ ಒಂದು ರೂಪ ಆಗಿರಬೇಕು ಎಂಬ ವಾದವನ್ನು 1990ರಲ್ಲಿ ಮುಂದಿಟ್ಟವರಲ್ಲಿ ಅವರೂ ಒಬ್ಬರು. ಬಂಡೆಗೆ ಅಂಟಿಕೊಂಡು ಬೆಳೆಯುವ ಬಾರ್ನಕಲ್ ಎಂಬ ಜೀವಿ ಸತ್ತ ಮೇಲೆ ಉಳಿಯುವ ಸುಣ್ಣದ ಗೂಡಿನೊಳಗೆ ಈ ಹುಳು ವಾಸ ಮಾಡುತ್ತದೆ. ಗೂಡು ಸಣ್ಣದು, ಆದ್ದರಿಂದ ಹುಳುವೂ ಸಣ್ಣದು.

ಎಲ್ಲವನ್ನೂ ಕೂಡಿ ಕಳೆದು ಲೆಕ್ಕ ಒಪ್ಪಿಸಿದವರು ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಡೇವಿಡ್ ರೀಡ್. 1996ರಲ್ಲಿ ಲಿಟ್ಟೋರಿನಾ ಕುಲದ ಬಗ್ಗೆ ಅವರ ದೊಡ್ಡ ಗ್ರಂಥವನ್ನು ರೇ ಸೊಸೈಟಿ ಪ್ರಕಟಿಸಿತು. ಆ ಗೋಜಲಿನ ರಾಶಿಯಲ್ಲಿ ಕೊನೆಗೆ ಉಳಿದದ್ದು ಮೂರು ಪ್ರಭೇದ. ಮರಿ ಹಾಕುವ ಸ್ಯಾಕ್ಸಟಿಲಿಸ್, ಮೊಟ್ಟೆ ಇಡುವ ಅರ್ಕಾನಾ, ಮೊಟ್ಟೆ ಇಡುವ ಇನ್ನೊಂದು ಕಂಪ್ರೆಸಾ. ಜೆಫ್ರಿಸ್ 1865ರಲ್ಲಿ ಕೊಟ್ಟ ಹೆಸರಿಗೆ ಹೀಗೆ ನ್ಯಾಯ ಸಿಕ್ಕಿತು. ಹಳಬರು ಇಟ್ಟ ಹೆಸರುಗಳೆಲ್ಲ ವ್ಯರ್ಥವಾಗಲಿಲ್ಲ ಎಂದು ನನಗೆ ಇಲ್ಲಿ ಸಮಾಧಾನವಾಯಿತು.

ಬೆಲ್ಜಿಯಂ ದೇಶದಲ್ಲಿ ನೆಲೆಯಿರುವ ಒಂದು ಸಂಸ್ಥೆಯಲ್ಲಿ ಜಗತ್ತಿನ ಕಡಲ ಜೀವಿಗಳ ರಿಜಿಸ್ಟರು ಇಡುತ್ತಾರೆ. ನಾನಾ ದೇಶಗಳ ತಜ್ಞರು ಕೂಡಿ ಮಾಡುವ ಕೆಲಸ. 2015ರಲ್ಲಿ ಅವರು ಒಂದು ಲೆಕ್ಕ ಹೊರಗೆ ಬಿಟ್ಟರು. ಅಲ್ಲಿಯವರೆಗೆ ಗ್ರಂಥಗಳಲ್ಲಿ ಸೇರಿದ್ದ ಕಡಲ ಜೀವಿಗಳ ಹೆಸರು ಸುಮಾರು 4 ಲಕ್ಷದ 19 ಸಾವಿರ. ಅವುಗಳಲ್ಲಿ ಸುಮಾರು 1 ಲಕ್ಷದ 90 ಸಾವಿರ, ಅಂದರೆ ಅರ್ಧಕ್ಕೆ ಸ್ವಲ್ಪ ಕಡಿಮೆ, ಇದ್ದುದಕ್ಕೇ ಮತ್ತೊಮ್ಮೆ ಇಟ್ಟ ಹೆಸರುಗಳು! ಈ ಪುನರಾವೃತ್ತಿಯ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ನಮ್ಮ ಒರಟು ಪೆರಿವಿಂಕಲ್. 113 ಹೆಸರು.

ಇಲ್ಲಿ ನನ್ನ ಅನುಭವದ ಒಂದು ಮಾತು ಹೇಳಬೇಕು. ಕೈಬರಹದ ಲೆಡ್ಜರಿನ ಕಾಲ. ನಾನಿದ್ದದ್ದು ಗಡಿಭಾಗದ ಒಂದು ಶಾಖೆ. ಬೀಡಿ ಕಟ್ಟುವ ಒಬ್ಬ ಹೆಂಗಸಿಗೆ ಭವಿಷ್ಯನಿಧಿಯ ಚೆಕ್ಕು ಬಂದಿತ್ತು. ನಮ್ಮ ಲೆಡ್ಜರಿನಲ್ಲಿ ಅವರ ಹೆಸರು ಲಕ್ಷ್ಮಿ. ಚೆಕ್ಕಿನಲ್ಲಿ ಇಂಗ್ಲಿಷಿನ ‘ಎ’ ಇರಬೇಕಾದಲ್ಲಿ ಕೇರಳದ ಕ್ರಮದಂತೆ ‘ಇ’ ಬಿದ್ದು ಲೆಕ್ಷ್ಮಿ ಆಗಿತ್ತು. ರೇಷನ್ ಕಾರ್ಡಿನಲ್ಲಿ ಮನೆ ಹೆಸರು ಹಿಂದೆ, ಇಲ್ಲಿ ಮುಂದೆ. ನಾನು ನಿಯಮದ ಮನುಷ್ಯ. ವಿಲೇಜ್ ಆಫೀಸಿನಿಂದ ‘ಇಬ್ಬರೂ ಒಬ್ಬರೇ’ ಎಂಬ ಸರ್ಟಿಫಿಕೇಟು ತನ್ನಿ ಎಂದು ಎರಡು ಸಲ ವಾಪಸು ಕಳಿಸಿದೆ. ಎರಡನೆಯ ಸಲ ಅವರು ಕೌಂಟರಿನ ಮೇಲೆ ಕೈಯಿಟ್ಟು, “ಸಾರ್, ಬೀಡಿ ಕಟ್ಟುವಾಗ ಇದು ಯಾವ ಲಕ್ಷ್ಮಿ ಅಂತ ಯಾರೂ ಕೇಳಲಿಲ್ಲವಲ್ಲ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅವರಿಗೆ ಆ ಎರಡು ದಿನದ ಕೂಲಿಯೂ ಹೋಗಿತ್ತು, ಬಸ್ಸಿನ ಖರ್ಚೂ ಆಗಿತ್ತು. ನನಗೆ ಅವರು ಚೆನ್ನಾಗಿ ಗೊತ್ತು. ವಾರವಾರ ಬರುತ್ತಿದ್ದವರು. ಆದರೂ ನಾನು ನೋಡಿದ್ದು ಎದುರಿಗೆ ನಿಂತವರನ್ನಲ್ಲ, ಕಾಗದದ ಅಕ್ಷರವನ್ನು.

ಹಾಗೆಂದು ಹೆಸರಿನ ವ್ಯತ್ಯಾಸವನ್ನು ನೋಡಲೇಬಾರದು ಎನ್ನುವಂತೆಯೂ ಇಲ್ಲ. ಅದೇ ಶಾಖೆಯಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆದ ಇಬ್ಬರಿದ್ದರು. ಒಬ್ಬರ ಹಣ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾಗಿ, ಅದನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಒಬ್ಬರನ್ನು ಇಬ್ಬರು ಮಾಡುವುದು ಒಂದು ತಪ್ಪು, ಇಬ್ಬರನ್ನು ಒಬ್ಬರು ಮಾಡುವುದು ಇನ್ನೊಂದು ತಪ್ಪು. ಆ ಹುಳುವಿನ ವಿಷಯದಲ್ಲಿ ಪಂಡಿತರು ಇನ್ನೂರು ವರ್ಷಗಳಲ್ಲಿ ಎರಡನ್ನೂ ಮಾಡಿ ನೋಡಿದರು. ಕೊನೆಗೆ ಸರಿದಾರಿ ಸಿಕ್ಕಿದ್ದು ಚಿಪ್ಪನ್ನು ಬದಿಗಿಟ್ಟು, ಅದು ಹೇಗೆ ಬದುಕುತ್ತದೆ, ಮಕ್ಕಳನ್ನು ಹೇಗೆ ಸಾಕುತ್ತದೆ ಎಂದು ಬಂಡೆಯ ಬಳಿ ಕೂತು ನೋಡಿದಾಗ. ಬೆಲ್ಜಿಯಂನ ಆ ರಿಜಿಸ್ಟರು ಈಗ ಮಾಡುತ್ತಿರುವುದು ನಮ್ಮ ವಿಲೇಜ್ ಆಫೀಸಿನ ಕೆಲಸವೇ. 113 ಹೆಸರಿನವರೂ ಒಬ್ಬರೇ ಎಂದು ಸರ್ಟಿಫಿಕೇಟು ಕೊಡುವುದು.

ಕೊನೆಯದಾಗಿ ಒಂದು ಪ್ರಯೋಗದ ಸಂಗತಿ. 113 ಹೆಸರುಗಳನ್ನು ಹೊಡೆದು ಒಂದೇ ಹೆಸರು ಉಳಿಸಿದರೆ, ಆ ಬಗೆಬಗೆಯ ರೂಪಗಳಿಗೂ ಬೆಲೆ ಇಲ್ಲದಂತಾಯಿತೇ? ಇಲ್ಲ ಎನ್ನುವುದಕ್ಕೆ ಇದು ಸಾಕ್ಷಿ. 1988ರಲ್ಲಿ ಸ್ವೀಡನ್ ಮತ್ತು ನಾರ್ವೆಯ ಕಡಲಿನಲ್ಲಿ ಒಂದು ವಿಷಪಾಚಿ ವಿಪರೀತ ಬೆಳೆಯಿತು. ಮೀನುಗಳು ಸತ್ತವು, ಚಿಪ್ಪಿನ ಜೀವಿಗಳು ಸತ್ತವು. ಶಾರ್ನೋ ಬಳಿಯ ಸಣ್ಣ ಸಣ್ಣ ನಡುನೀರಿನ ಬಂಡೆಗಳ ಮೇಲೆ ಒರಟು ಪೆರಿವಿಂಕಲ್ ನಿರ್ನಾಮವಾಯಿತು. ಅಲ್ಲಿದ್ದದ್ದು ಅಲೆಗೆ ಹೊಂದಿಕೊಂಡ ಸಣ್ಣ, ತೆಳು ಚಿಪ್ಪಿನ ಬಗೆ. 1992ರಲ್ಲಿ ಕೆರ್ಸ್ಟಿನ್ ಯೊಹಾನೆಸ್ಸನ್ ಅಂಥ ಒಂದು ಬರಿದಾದ ಬಂಡೆಯ ಮೇಲೆ ಸುಮಾರು 700 ಹುಳುಗಳನ್ನು ತಂದು ಬಿಟ್ಟರು. ಬೇಕೆಂದೇ ಅವರು ತಂದದ್ದು ಏಡಿಗಳಿರುವ ದಡದ ದೊಡ್ಡ, ದಪ್ಪ ಚಿಪ್ಪಿನ ಬಗೆ. ಆಮೇಲೆ ಕಾದರು. ಒಂದೆರಡು ವರ್ಷವಲ್ಲ, ಮೂವತ್ತು ವರ್ಷ.

ಆ ಹುಳುಗಳ ಸಂತತಿ ತಲೆಮಾರಿನಿಂದ ತಲೆಮಾರಿಗೆ ಚಿಪ್ಪನ್ನು ಸಣ್ಣದು ಮಾಡಿಕೊಂಡಿತು, ತೆಳು ಮಾಡಿಕೊಂಡಿತು. ಬಣ್ಣದ ಬಗೆಯೂ ಬದಲಾಯಿತು. ಕೊನೆಗೆ ಅವು ಆ ಬಂಡೆಯಲ್ಲಿ ಹಿಂದೆ ಸತ್ತುಹೋಗಿದ್ದ ಹುಳುಗಳನ್ನು ಹೋಲುವಂತಾದವು. 2024ರ ಅಕ್ಟೋಬರಿನಲ್ಲಿ ಈ ಪ್ರಯೋಗದ ಫಲಿತಾಂಶ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೀಗಾದದ್ದು ಹೇಗೆ ಎಂಬುದನ್ನೂ ಅವರು ವಂಶವಾಹಿಗಳನ್ನು ಓದಿ ಕಂಡುಕೊಂಡಿದ್ದಾರೆ. ದಪ್ಪ ಚಿಪ್ಪಿನ ಹುಳುಗಳ ರಕ್ತದಲ್ಲಿ ತೆಳು ಚಿಪ್ಪಿನ ಗುಣವೂ ಅಲ್ಲಲ್ಲಿ, ಅಲ್ಪ ಪ್ರಮಾಣದಲ್ಲಿ, ಅಡಗಿ ಉಳಿದಿತ್ತು. ಜೊತೆಗೆ ಅಕ್ಕಪಕ್ಕದ ಬಂಡೆಗಳಿಂದ ಅಲೆಗೆ ಒಗ್ಗಿದ ಕೆಲವು ಹುಳುಗಳು ಬಂದು ಇವುಗಳೊಡನೆ ಕೂಡಿದ್ದವು. ಬೇರೆ ಬೇರೆ ಹೆಸರಿಟ್ಟು ಬೇರೆ ಕಪಾಟುಗಳಲ್ಲಿ ಕೂಡಿಸಿದ್ದ ಬಗೆಗಳು ಒಂದರೊಳಗೊಂದು ಇದ್ದವು.

2024ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಸಂಶೋಧನೆ ಬಂದಿತ್ತು. ಒರಟು ಪೆರಿವಿಂಕಲ್ ಮೊಟ್ಟೆ ಬಿಟ್ಟು ಮರಿ ಹಾಕಲು ಕಲಿತದ್ದು ಕಳೆದ ಒಂದು ಲಕ್ಷ ವರ್ಷಗಳ ಒಳಗೆ, ಅದೂ ಒಮ್ಮೆಲೇ ಅಲ್ಲ, ವಂಶವಾಹಿಯ ಸುಮಾರು 50 ಕಡೆಗಳಲ್ಲಿ ಸ್ವಲ್ಪಸ್ವಲ್ಪವೇ ಬದಲಾಗಿ, ಎಂದು ಅದರಲ್ಲಿ ತೋರಿಸಿದ್ದಾರೆ. ಭೂಮಿಯ ಲೆಕ್ಕದಲ್ಲಿ ಒಂದು ಲಕ್ಷ ವರ್ಷ ಎಂದರೆ ನಿನ್ನೆ ಮೊನ್ನೆ. ಅಂದರೆ ಅರ್ಕಾನಾ ಮತ್ತು ಸ್ಯಾಕ್ಸಟಿಲಿಸ್ ಬೇರೆ ಬೇರೆಯಾದದ್ದೂ ಬಹಳ ಹಿಂದೆ ಅಲ್ಲ. ಪಂಡಿತರಿಗೆ ಗುರುತು ಸಿಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಶ್ರೋತೃಗಳೇ, ನಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು. ಜನಗಣತಿಯವರು ಬಂದಾಗ ಮಾತೃಭಾಷೆಯ ಕಲಮಿನಲ್ಲಿ ಒಂದನ್ನೇ ಬರೆಸಬೇಕು. ಬರೆಸುವುದು ಸರಿಯೇ, ರಿಜಿಸ್ಟರಿಗೆ ಒಂದು ಹೆಸರು ಬೇಕು. ಆದರೆ ಆ ಒಂದು ಪದವನ್ನು ಬರೆದುಕೊಂಡು ಹೋದವರು, ಈ ಮನೆಯಲ್ಲಿ ಇರುವುದು ಇಷ್ಟೇ ಎಂದು ತಿಳಿಯಬಾರದು. ಉಳಿದ ಮಾತುಗಳು ಅಲ್ಲೇ ಇರುತ್ತವೆ, ಬೇಕಾದಾಗ ಹೊರಗೆ ಬರುತ್ತವೆ.

ಆ ಲಕ್ಷ್ಮಿಯವರ ಚೆಕ್ಕು ಏನಾಯಿತು ಎಂದು ನೀವು ಕೇಳಬಹುದು. ಮೂರನೆಯ ಸಲ ಅವರು ಸರ್ಟಿಫಿಕೇಟು ತಂದರು, ಹಣ ಸಿಕ್ಕಿತು. ಅಂದಿನಿಂದ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾಗಿ ಯಾರಾದರೂ ಕೌಂಟರಿಗೆ ಬಂದರೆ, ಅವರನ್ನು ಬೆಂಚಿನಲ್ಲಿ ಕೂರಿಸಿ, ಸ್ಪೆಸಿಮನ್ ಸಹಿಯ ಕಾರ್ಡು ಹಿಡಿದು ನಾನೇ ಮ್ಯಾನೇಜರ ಕೋಣೆಗೆ ಹೋಗುತ್ತಿದ್ದೆ. ನಿಯಮದೊಳಗೆ ನನ್ನಿಂದಾಗುತ್ತಿದ್ದದ್ದು ಅಷ್ಟೇ. ಲಕ್ಷ್ಮಿಯವರಿಗೂ ಮೊದಲೇ ಹಾಗೆ ಮಾಡಬಹುದಾಗಿತ್ತು ಎಂದು ಈಗಲೂ ಅನಿಸುತ್ತದೆ.